ಆರುವ ಹನಿ, ಮರಳುವ ಹನಿ

ಜಮಖಂಡಿಯಲ್ಲಿ ನೀಡಿದ ವಿಜ್ಞಾನ ದತ್ತಿ ಉಪನ್ಯಾಸದ ಮುದ್ರಿತ ರೂಪ



ಈ ವೇದಿಕೆಗೆ ಕರೆದಾಗ ಸಂಘಟಕರು ನನಗೆ ಒಂದೇ ಷರತ್ತು ಹಾಕಿದರು. ಓದಿದವರು ತಲೆದೂಗಿದರೆ ಸಾಲದು, ಕಬ್ಬಿಗೆ ನೀರು ಬಿಟ್ಟು ನೇರವಾಗಿ ಇಲ್ಲಿಗೆ ಬಂದವರಿಗೂ ಮಾತು ತಿಳಿಯಬೇಕು ಎಂದರು. ಆ ಷರತ್ತನ್ನು ಒಪ್ಪಿಕೊಂಡೇ ಇಂದಿನ ವಿಷಯವನ್ನು ಆಯ್ದುಕೊಂಡಿದ್ದೇನೆ. ವಿಪರೀತ ಕಾಯುವ ಎಲೆಕ್ಟ್ರಾನಿಕ್ ಬಿಲ್ಲೆಗಳ (ಚಿಪ್‌ಗಳ) ಮೇಲೆ ಫ್ರಿಜ್ಜಿನಲ್ಲಿರುವಂಥ ಶೀತಕ ದ್ರವವನ್ನು ತುಂತುರಾಗಿ ಸಿಂಪಡಿಸಿ ಅವನ್ನು ತಣ್ಣಗಿಡುವ ವಿದ್ಯೆ ಇದು. ಕೇಳಲು ದೂರದ ಸಂಗತಿ ಅನ್ನಿಸುತ್ತದೆ. ಆದರೆ ಇದರ ಒಂದೊಂದು ಮೆಟ್ಟಿಲೂ ನಮ್ಮ ಅಡುಗೆಮನೆ, ಗಾಣ, ಹೊಲ, ಕಾರ್ಖಾನೆಗಳಲ್ಲಿ ಕಾಣುತ್ತದೆ.

ಒಂದು ಕ್ರಿಯಾಪದ

ನಮ್ಮ ಭಾಷೆಯಲ್ಲಿ ‘ಆರು’ ಎಂಬ ಕ್ರಿಯಾಪದವಿದೆ. ಹಗ್ಗದ ಮೇಲೆ ಹಾಕಿದ ಅರಿವೆ ಆರುತ್ತದೆ. ಬಸಿಯಲ್ಲಿ ಬಿಟ್ಟ ಚಹಾ ಆರುತ್ತದೆ. ಒದ್ದೆ ಒಣಗುವುದಕ್ಕೂ ಬಿಸಿ ಇಳಿಯುವುದಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ಶಾಲೆಯ ಪುಸ್ತಕದಲ್ಲಿ ಆವಿಯಾಗುವುದು ಒಂದು ಪಾಠ, ತಣಿಯುವುದು ಇನ್ನೊಂದು ಪಾಠ. ಮೂಲೆಯಲ್ಲಿಟ್ಟ ಮಣ್ಣಿನ ಹರವಿ ಮಾತ್ರ ಎರಡನ್ನೂ ಒಟ್ಟಿಗೆ ಕಲಿಸುತ್ತದೆ. ಅದರ ಮೈಮೇಲೆ ಒಸರಿದ ನೀರು ಆರುವುದರಿಂದಲೇ ಒಳಗಿನ ನೀರು ಆರುತ್ತದೆ. ಒಂದು ಹನಿ ಆವಿಯಾಗಿ ಹೊರಡುವಾಗ ತನ್ನ ದಾರಿಯ ಬುತ್ತಿಯಾಗಿ ಶಾಖವನ್ನು ಕಟ್ಟಿಕೊಂಡು ಹೋಗುತ್ತದೆ.

ನಾನು ಇಂದು ಹೇಳುವುದೆಲ್ಲ ಮೂರು ಮಾತುಗಳಲ್ಲಿ ಅಡಗಿದೆ: ಹನಿ ಮುಟ್ಟಬೇಕು, ಹನಿ ಆರಬೇಕು, ಹನಿ ಮರಳಬೇಕು. ಮೊದಲ ಎರಡನ್ನು ಎಂಜಿನಿಯರುಗಳು ಬಹುಮಟ್ಟಿಗೆ ಸಾಧಿಸಿದ್ದಾರೆ. ಮೂರನೆಯದು ಇನ್ನೂ ಪೂರ್ತಿಯಾಗಿಲ್ಲ, ಅದನ್ನು ಪೂರ್ತಿ ಮಾಡುವ ಹೊಣೆ ಈ ಸಭೆಯಲ್ಲಿ ಕುಳಿತ ಹುಡುಗ ಹುಡುಗಿಯರ ಮೇಲೂ ಇದೆ.

ಬನಹಟ್ಟಿಯ ಪೆಟ್ಟಿಗೆ

ನಾನು ಬನಹಟ್ಟಿಯ ನೇಕಾರರ ಓಣಿಯಲ್ಲಿ ಬೆಳೆದವನು. ಅಜ್ಜ ಕುಣಿಮಗ್ಗದಲ್ಲಿ ನೇಯ್ದರು, ಅಪ್ಪ ಪವರ್‌ಲೂಮ್ ನಡೆಸಿದರು. ಕುಣಿಯ ತಂಪಿನಲ್ಲಿ ನೂಲು ಹಸಿಯಾಗಿ ಉಳಿದು ಎಳೆ ಹರಿಯುವುದು ಕಡಿಮೆ ಎಂದು ಅಜ್ಜ ಹೇಳುತ್ತಿದ್ದರು. ತಂಪಿಗೂ ಕಸುಬಿಗೂ ಇರುವ ನಂಟನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಪರಿಚಯದ ಹಿರಿಯ ನೇಕಾರರೊಬ್ಬರು ತಮ್ಮ ಶೆಡ್ಡಿಗೆ ಕರೆದರು. ಅವರ ಮಗ್ಗಕ್ಕೆ ವಿನ್ಯಾಸ ಮೂಡಿಸುವ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಅದರ ಕಂಟ್ರೋಲ್ ಪೆಟ್ಟಿಗೆ ತಾನಾಗಿ ನಿಂತುಬಿಡುತ್ತಿತ್ತು, ಸಂಜೆ ತಾನಾಗಿ ಸರಿಹೋಗುತ್ತಿತ್ತು. ಅದಕ್ಕೆಂದು ಪೆಟ್ಟಿಗೆಯ ಬಾಗಿಲು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟಿದ್ದರು. ಒಳಗೆ ಬಗ್ಗಿ ನೋಡಿದೆ. ಕಾವನ್ನು ಹೊರಗೆ ಬಿಡಬೇಕಾದ ಅಲ್ಯುಮಿನಿಯಂ ಏಣುಗಳ ನಡುವೆ ನೂಲಿನ ದೂಳು ಕೂತು, ಕಂಬಳಿ ಹೊದಿಸಿದಂತೆ ಆಗಿತ್ತು. ಒಂದು ಎಳೆ ಕಿತ್ತರೆ ಇಡೀ ಪದರ ಚಾಪೆಯ ಹಾಗೆ ಎದ್ದು ಬಂತು. ಬ್ರಷ್ಷಿನಿಂದ ಕೊಡವಿದ ಮೇಲೆ ಯಂತ್ರ ಅಂದು ಸಂಜೆಯ ತನಕ ನಿಲ್ಲಲಿಲ್ಲ. ಆದರೆ ಅದೇ ಫ್ಯಾನು ಮರುದಿನದ ದೂಳನ್ನು ಮತ್ತೆ ಒಳಗೆ ತಳ್ಳುತ್ತಿತ್ತು.

ಆ ಕಾಕಾ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. “ಬಾಗಲಾ ಹಾಕಿದ್ರ ಕಾಯತೈತಿ, ತಗದ್ರ ದೂಳ ತುಂಬತೈತಿ. ಬಾಗಲಾ ಹಾಕೇ ತಣ್ಣಗಿಡು ಹಾದಿ ಏನರ ಐತೇನ್ರಿ?”

ಪ್ರಪಂಚದ ದೊಡ್ಡ ಪ್ರಯೋಗಾಲಯಗಳು ಕೇಳುತ್ತಿರುವುದೂ ಇದೇ ಪ್ರಶ್ನೆ. ಇಂದಿನ ಉಪನ್ಯಾಸ ಆ ಕಾಕಾನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಎಷ್ಟು ಕಾವು, ಎಷ್ಟು ಜಾಗ

ಮೊದಲು ಕಾವಿನ ಅಳತೆಯನ್ನು ನೋಡೋಣ. ಬೇಸಿಗೆಯ ನಡುಹಗಲಿನಲ್ಲಿ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವ್ಯಾಟ್ ಶಾಖ ಸುರಿಯುತ್ತದೆ, ಅಂದರೆ ಒಂದು ಚದರ ಸೆಂಟಿಮೀಟರಿಗೆ 0.1 ವ್ಯಾಟ್. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್ ಇರುತ್ತದೆಂದು ಹಿಡಿದರೆ ಅಲ್ಲಿ ಚದರ ಸೆಂಟಿಮೀಟರಿಗೆ 5 ವ್ಯಾಟ್. ಈಗ ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಬಳಸುವ ಎನ್ವಿಡಿಯಾ ಎಚ್100 ಬಿಲ್ಲೆಯನ್ನು ತೆಗೆದುಕೊಳ್ಳಿ. ಅದರ ವಿಸ್ತೀರ್ಣ 814 ಚದರ ಮಿಲಿಮೀಟರ್, ಅಂದರೆ ಒಂದು ಅಂಚೆಚೀಟಿಯಷ್ಟು. ಅದು ತಿನ್ನುವ ವಿದ್ಯುತ್ತು 700 ವ್ಯಾಟಿನ ವರೆಗೆ ಹೋಗುತ್ತದೆ, ತಿಂದದ್ದೆಲ್ಲ ಕೊನೆಗೆ ಶಾಖವೇ. ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ ಸುಮಾರು 86 ವ್ಯಾಟ್, ಇಸ್ತ್ರಿಪೆಟ್ಟಿಗೆಯ ಹದಿನೇಳು ಪಟ್ಟು.

ಇಸ್ತ್ರಿಪೆಟ್ಟಿಗೆ ಕಾಯಲೆಂದೇ ಇದೆ. ಈ ಬಿಲ್ಲೆಯಾದರೆ 100 ಡಿಗ್ರಿಯ ಒಳಗೇ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ. ರೈಲಿನ ಎಂಜಿನ್, ವಿದ್ಯುತ್ ಕಾರು, ಸಕ್ಕರೆ ಕಾರ್ಖಾನೆಯ ಕಬ್ಬು ಅರೆಯುವ ಗಿರಣಿ ಇವುಗಳ ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ಐಜಿಬಿಟಿ ಎಂಬ ವಿದ್ಯುತ್ ಬಿಲ್ಲೆಗಳಲ್ಲೂ ಚದರ ಸೆಂಟಿಮೀಟರಿಗೆ 100 ವ್ಯಾಟ್ ದಾಟುವುದುಂಟು. ರಾಡಾರಿನಲ್ಲಿ ಬಳಸುವ ಗ್ಯಾಲಿಯಂ ನೈಟ್ರೈಡ್ ಸಾಧನಗಳಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ಇದರ ಹತ್ತು ಪಟ್ಟಿಗೂ ಮೀರಿದ ಕಾವು ಹುಟ್ಟುತ್ತದೆ. ಒಟ್ಟು ಶಾಖ ಒಂದು ಒಲೆಯಷ್ಟೂ ಇರಲಿಕ್ಕಿಲ್ಲ. ಅದು ಕೂತಿರುವ ಜಾಗ ಇಕ್ಕಟ್ಟಾದದ್ದೇ ತೊಡಕು.

ನಮ್ಮ ನಾಡಿನ ಒಂದು ಉದಾಹರಣೆ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ‘ಸಹಸ್ರಟಿ’ ಎಂಬ ಕ್ರೇ ಸೂಪರ್ ಕಂಪ್ಯೂಟರ್ ಬಂತು. 2022ರಲ್ಲಿ ‘ಪರಮ್ ಪ್ರವೇಗ’ ನೆಲೆಗೊಂಡಿತು. ಪ್ರವೇಗದ ಗರಿಷ್ಠ ಶಕ್ತಿ 3.3 ಪೆಟಾಫ್ಲಾಪ್, ನಮ್ಮ ಎಣಿಕೆಯಲ್ಲಿ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಇಂಥ ಯಂತ್ರವನ್ನು ಬರಿಯ ಗಾಳಿಯಿಂದ ತಣಿಸುವ ಕಾಲ ಮುಗಿಯಿತು. ಪ್ರವೇಗದ ಮಾದರಿಯ ಯಂತ್ರಗಳಲ್ಲಿ ಬಿಲ್ಲೆಗಳಿಗೆ ಒತ್ತಿಟ್ಟ ಲೋಹದ ತಟ್ಟೆಗಳೊಳಗೆ ದ್ರವ ಹರಿಯುತ್ತದೆ. ಆ ದ್ರವ ಬಿಲ್ಲೆಯನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಸಿಲಿಕಾನು, ಅದರ ಮೇಲೆ ಅಂಟು, ಮೇಲೆ ತಾಮ್ರದ ಮುಚ್ಚಳ, ಮತ್ತೆ ಅಂಟು, ಆಮೇಲೆ ತಟ್ಟೆ. ಒಂದೊಂದು ಪದರವೂ ಶಾಖದ ದಾರಿಯಲ್ಲಿ ಒಂದೊಂದು ಸುಂಕದ ಕಟ್ಟೆ. ಈ ಕಟ್ಟೆಗಳನ್ನೆಲ್ಲ ತೆಗೆದು ಹನಿಯನ್ನೇ ಬಿಲ್ಲೆಗೆ ಮುಟ್ಟಿಸಿದರೆ ಏನಾಗುತ್ತದೆ? ತುಂತುರು ತಂಪಿನ ವಿದ್ಯೆ ಶುರುವಾಗುವುದು ಈ ಪ್ರಶ್ನೆಯಿಂದ.

ಕೊಪ್ಪರಿಗೆ ಕಲಿಸುವುದು

ಮುಧೋಳ, ಜಮಖಂಡಿ ಭಾಗದವರಿಗೆ ಬೆಲ್ಲದ ಗಾಣವನ್ನು ವಿವರಿಸಬೇಕಿಲ್ಲ. ಒಲೆಯೊಳಗೆ ಒಣಗಿದ ಕಬ್ಬಿನ ಸಿಪ್ಪೆ ಭಗಭಗ ಉರಿಯುತ್ತಿರುತ್ತದೆ, ಅಲ್ಲಿ ನೂರಾರು ಡಿಗ್ರಿ ಕಾವು. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿದ್ದರೂ ಗಂಟೆಗಟ್ಟಲೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಒಳಗೆ ನೀರು ಇರುವ ತನಕ ಬೆಂಕಿ ಕೊಟ್ಟ ಶಾಖವನ್ನೆಲ್ಲ ಆವಿ ಎತ್ತಿಕೊಂಡು ಹೋಗುತ್ತದೆ. ನೀರು ಕಡಿಮೆಯಾದಂತೆ ಕಾವು ಏರಿ, 115ರಿಂದ 118 ಡಿಗ್ರಿಯ ಹೊತ್ತಿಗೆ ಪಾಕ ಹದಕ್ಕೆ ಬರುತ್ತದೆ. ಆಗ ಒಂದು ಗಳಿಗೆ ತಡವಾದರೆ ತಳ ಹತ್ತಿ ಬೆಲ್ಲ ಕೆಡುತ್ತದೆ.

ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಕುದಿಯ ಬಲ. 30 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ತರಲು ಸುಮಾರು 290 ಕಿಲೋಜೂಲ್ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಇನ್ನೂ 2,257 ಕಿಲೋಜೂಲ್ ಬೇಕು, ಏಳು ಪಟ್ಟಿಗಿಂತ ಹೆಚ್ಚು. ಹರಿದು ಹೋಗುವ ನೀರು ಒಯ್ಯುವುದಕ್ಕಿಂತ ಆರಿಹೋಗುವ ನೀರು ಒಯ್ಯುವುದು ಎಷ್ಟೋ ಜಾಸ್ತಿ. ಎರಡನೆಯದು ಕುದಿಯ ನಿಷ್ಠೆ. ಕುದಿಯುವ ದ್ರವ ತನ್ನ ಕುದಿಬಿಂದು ಬಿಟ್ಟು ಕದಲುವುದಿಲ್ಲ. ಹಾಗಾದರೆ ನಮಗೆ ಬೇಕಾದ ಉಷ್ಣತೆಯಲ್ಲಿ ಕುದಿಯುವ ದ್ರವವನ್ನು ಹುಡುಕಿದರೆ ಬಿಲ್ಲೆಯೂ ಅದರ ಆಸುಪಾಸಿನಲ್ಲೇ ನಿಲ್ಲುತ್ತದೆ.

ನೀರೇ ಏಕೆ ಬೇಡ ಎಂದರೆ, ನಾವು ದಿನಾ ಬಳಸುವ ನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ತೆರೆದ ಸರ್ಕಿಟ್ಟಿನ ಮೇಲೆ ಬಿದ್ದರೆ ಅನಾಹುತ. ಜೊತೆಗೆ 50 ಡಿಗ್ರಿಯಲ್ಲಿ ಅದನ್ನು ಕುದಿಸಬೇಕಾದರೆ ಗಾಳಿಯ ಒತ್ತಡವನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದ ಪಾತ್ರೆ ಬೇಕು. ಆದ್ದರಿಂದ ಶೀತಕದ ಕಡೆ ನೋಡಬೇಕಾಯಿತು. ಕಾರಿನ ಎಸಿಗೆ ‘ಗ್ಯಾಸ್’ ಎಂದು ತುಂಬುವ ಆರ್-134ಎ ತೆರೆದ ಗಾಳಿಯಲ್ಲಿ ಸೊನ್ನೆಯ ಕೆಳಗೆ 26 ಡಿಗ್ರಿಯಲ್ಲೇ ಕುದಿಯುತ್ತದೆ. ಅದನ್ನು ಗಟ್ಟಿ ಕೊಳವೆಯೊಳಗೆ ಇಟ್ಟು ಒತ್ತಡ ಕೊಟ್ಟರೆ ಕುದಿಬಿಂದು ನಮ್ಮ ಮಾತು ಕೇಳುತ್ತದೆ: ಸುಮಾರು ಆರೂವರೆ ಬಾರ್ ಒತ್ತಡದಲ್ಲಿ 25 ಡಿಗ್ರಿ, ಹದಿಮೂರು ಬಾರಿನಲ್ಲಿ 50 ಡಿಗ್ರಿ. ಅದರ ಮೂಲಕ ವಿದ್ಯುತ್ತು ಹರಿಯದು, ಬಿಲ್ಲೆಯ ಮೈಗೆ ನೇರ ಬಿದ್ದರೂ ಕೆಡುಕಿಲ್ಲ. ಒಂದು ಕಿಲೋ ದ್ರವ ಒಯ್ಯುವ ಶಾಖ 25 ಡಿಗ್ರಿಯಲ್ಲಿ ಸುಮಾರು 178 ಕಿಲೋಜೂಲ್ ಮಾತ್ರ, ನೀರಿನ ಹದಿಮೂರನೇ ಒಂದು ಭಾಗದಷ್ಟು. ಹಾಗಿದ್ದೂ ಒಂದು ಕಿಲೋವ್ಯಾಟ್ ಶಾಖ ತೆಗೆಯಲು ಸೆಕೆಂಡಿಗೆ 6 ಗ್ರಾಮಿಗಿಂತ ಕಡಿಮೆ ದ್ರವ ಆರಿದರೆ ಸಾಕು.

ಹಂಚಿನ ಮೇಲಿನ ಹನಿ

ಅವ್ವ ರೊಟ್ಟಿ ಬಡಿಯುವ ಮುಂಚೆ ಹಂಚಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ನೀರು ‘ಚುಂಯ್’ ಎಂದು ಹರಡಿ ಆರಿದರೆ ಹದ ಬಂತು. ಹನಿಗಳು ಮುತ್ತಿನಂತೆ ಉಂಡೆಯಾಗಿ ಸದ್ದಿಲ್ಲದೆ ಅತ್ತಿತ್ತ ಓಡಾಡಿದರೆ, “ಹನಿ ಕುಣ್ಯಾಕತ್ತೈತಿ, ಉರಿ ತಗಿ” ಎನ್ನುತ್ತಿದ್ದಳು. ಹೆಚ್ಚು ಕಾದ ಹಂಚಿನ ಮೇಲೆ ಹನಿ ಬೇಗ ಆರಬೇಕಲ್ಲವೇ, ಇದೇಕೆ ಇಷ್ಟು ಹೊತ್ತು ಉಳಿಯುತ್ತದೆ ಎಂದು ನನಗೆ ಬೆರಗಾಗುತ್ತಿತ್ತು.

1756ರಲ್ಲಿ ಜರ್ಮನಿಯ ವೈದ್ಯ ಯೋಹಾನ್ ಗಾಟ್‌ಲೋಬ್ ಲೈಡನ್‌ಫ್ರಾಸ್ಟ್ ಕೆಂಪಗೆ ಕಾಸಿದ ಕಬ್ಬಿಣದ ಚಮಚದಲ್ಲಿ ಇದನ್ನೇ ನೋಡಿ ಬರೆದಿಟ್ಟ. ಮೇಲ್ಮೈ ಅತಿಯಾಗಿ ಕಾದಾಗ ಹನಿಯ ಅಡಿಭಾಗ ಥಟ್ಟನೆ ಆವಿಯಾಗಿ ಒಂದು ತೆಳು ಹಾಸಿಗೆಯಾಗುತ್ತದೆ. ಹನಿ ಅದರ ಮೇಲೆ ತೇಲುತ್ತದೆ, ಲೋಹವನ್ನು ಮುಟ್ಟುವುದೇ ಇಲ್ಲ. ಮುಟ್ಟದ ಹನಿ ಶಾಖವನ್ನು ಒಯ್ಯಲಾರದು. 1934ರಲ್ಲಿ ಜಪಾನಿನ ಶಿರೋ ನುಕಿಯಾಮಾ ನೀರಿನೊಳಗೆ ತೆಳು ತಂತಿಯನ್ನು ಕಾಸಿ ಈ ಗಡಿಯನ್ನು ಅಳೆದ. ವಿದ್ಯುತ್ತು ಏರಿಸುತ್ತ ಹೋದಂತೆ ಗುಳ್ಳೆಗಳು ಹೆಚ್ಚಿ ತಂಪು ಹೆಚ್ಚುತ್ತ ಬಂತು. ಒಂದು ಹಂತ ದಾಟಿದೊಡನೆ ಗುಳ್ಳೆಗಳೆಲ್ಲ ಕೂಡಿ ತಂತಿಯನ್ನು ಆವಿಯ ಕವಚದಲ್ಲಿ ಮುಚ್ಚಿದವು. ನೀರಿನ ನಡುವೆಯೇ ಇದ್ದ ತಂತಿ ಕಾದು ಕರಗಿತು. ಆ ಹಂತದ ಶಾಖಕ್ಕೆ ಎಂಜಿನಿಯರುಗಳು ‘ನಿರ್ಣಾಯಕ ಶಾಖ’ ಎನ್ನುತ್ತಾರೆ. ಅವ್ವ ಹೇಳುತ್ತಿದ್ದ ‘ಉರಿ ತಗಿ’ ಎಂಬ ಎಚ್ಚರಿಕೆ ಸಲ್ಲುವುದು ಅಲ್ಲಿಯೇ.

ಆರಲಾಗದ ಹನಿಯ ಇನ್ನೊಂದು ಚಿತ್ರವಿದೆ. ಮುಧೋಳ ಕವಿ ರನ್ನನ ಊರು. ತನ್ನ ಗದಾಯುದ್ಧ ಕಾವ್ಯದಲ್ಲಿ, ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತ ದುರ್ಯೋಧನನಿಗೆ ಭೀಮನ ಆರ್ಭಟ ಕೇಳಿ ಬೆವರು ಬರುವ ಸನ್ನಿವೇಶವನ್ನು ರನ್ನ ಕಲ್ಪಿಸಿದ. ಸಿಟ್ಟು ಸೆಡವಿನ ಆ ಚಿತ್ರದ ಕಾವ್ಯಗುಣ ಬಲ್ಲವರು ಇಲ್ಲಿದ್ದಾರೆ. ನನ್ನಂಥ ಎಂಜಿನಿಯರಿಗೆ ಅದರಲ್ಲಿ ಇನ್ನೊಂದು ಸತ್ಯವೂ ಕಾಣುತ್ತದೆ. ಕೊಳದೊಳಗೆ ಕೂತವನ ಬೆವರು ಆರಲು ದಾರಿಯಿಲ್ಲ. ಸುತ್ತ ಎಷ್ಟೇ ನೀರಿರಲಿ, ಬೆವರು ಮಾಡಬೇಕಾದ ಕೆಲಸ ಅಲ್ಲಿ ನಡೆಯುವುದಿಲ್ಲ.

ಬಿಲ್ಲೆಯನ್ನು ದ್ರವದಲ್ಲಿ ಮುಳುಗಿಸಿಟ್ಟಾಗಲೂ ಇಂಥದೇ ತೊಡಕು. ಅಲ್ಲಿ ಹುಟ್ಟಿದ ಆವಿ ಮೇಲಿನ ದ್ರವವನ್ನೆಲ್ಲ ಸೀಳಿಕೊಂಡು ಹೊರಬರಬೇಕು, ಹೊಸ ದ್ರವ ಅದಕ್ಕೆ ಎದುರಾಗಿ ಕೆಳಗಿಳಿಯಬೇಕು, ಎರಡೂ ಒಂದೇ ಓಣಿಯಲ್ಲಿ ಎದುರುಬದುರು. ತುಂತುರಿನಲ್ಲಿ ಹಾಗಿಲ್ಲ. ಮೈಮೇಲೆ ಇರುವುದು ಕಾಗದಕ್ಕಿಂತ ತೆಳುವಾದ ದ್ರವದ ಪದರ. ಆವಿ ಸಲೀಸಾಗಿ ಹೊರಡುತ್ತದೆ. ಮೇಲಿಂದ ರಭಸವಾಗಿ ಬೀಳುವ ಹೊಸ ಹನಿಗಳು ಗುಳ್ಳೆಗಳನ್ನು ಒಡೆದು, ಪದರವನ್ನು ಕದಡಿ, ಒಣಗತೊಡಗಿದ ಜಾಗವನ್ನು ಕೂಡಲೇ ತೋಯಿಸುತ್ತವೆ. ಹೊಲ ಮುಳುಗಬಾರದು, ಒಣಗಲೂಬಾರದು, ಹಸಿ ಇರಬೇಕು. ಕಬ್ಬಿಗೆ ಡ್ರಿಪ್ ಹಾಕಿಸಿದ ರೈತನಿಗೆ ಈ ಮಾತು ಕೂಡಲೇ ತಿಳಿಯುತ್ತದೆ.

ಎಣ್ಣೆ ಹೊಡೆಯುವ ಪಂಪು

ಜಮಖಂಡಿ ಭಾಗದ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಎಣ್ಣೆ ಹೊಡೆಯುವವರನ್ನು ನೋಡಿ. ಬೆನ್ನಿಗೆ ಪಂಪು ಹಾಕುವ ಮೊದಲು ಅವರು ಅದರ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಾರೆ. ಒಂದು ಕಸದ ಚೂರು ಹೋದರೂ ನಾಝಲ್ ಕಟ್ಟುತ್ತದೆ, ಒಂದು ಸಾಲು ಔಷಧವಿಲ್ಲದೆ ಉಳಿಯುತ್ತದೆ. ಒತ್ತಡ ಕಡಿಮೆಯಾದರೆ ದೊಡ್ಡ ಹನಿಗಳು ಎಲೆಯಿಂದ ಜಾರಿ ನೆಲದ ಪಾಲು. ಒತ್ತಡ ಅತಿಯಾದರೆ ಹೊಗೆಯಂಥ ಸಣ್ಣ ಹನಿಗಳು ಗಾಳಿಗೆ ತೇಲಿ ಪಕ್ಕದ ಹೊಲದ ಪಾಲು.

ತುಂತುರು ತಂಪಿನ ಎಂಜಿನಿಯರು ಎದುರಿಸುವ ಕಷ್ಟಗಳ ಪಟ್ಟಿಯೂ ಇಷ್ಟೇ. ಅವನ ನಾಝಲ್ಲಿನ ತೂತು ತೀರ ಸಣ್ಣದು, ಹನಿಯ ಅಡ್ಡಳತೆ ಕೂದಲೆಳೆಯ ಅಂದಾಜಿನದು. ಹನಿ ತೀರ ಸಣ್ಣದಾದರೆ ಮೇಲೇಳುವ ಆವಿಯೇ ಅದನ್ನು ಹೊತ್ತುಕೊಂಡು ಹೋಗುತ್ತದೆ, ಬಿಲ್ಲೆಯನ್ನು ಮುಟ್ಟಗೊಡುವುದಿಲ್ಲ. ತೀರ ದೊಡ್ಡದಾದರೆ ಮೈ ಕೆರೆಯಾಗುತ್ತದೆ. ನಾಝಲ್ ಎಷ್ಟು ದೂರದಲ್ಲಿರಬೇಕು ಎಂಬುದನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಇಸ್ಸಾಂ ಮುದಾವರ್ ಮತ್ತು ಎಸ್ಟಿಸ್ 1990ರ ದಶಕದಲ್ಲಿ ಪರೀಕ್ಷಿಸಿದರು. ಚೌಕಾಕಾರದ ಬಿಲ್ಲೆಯ ನಾಲ್ಕೂ ಅಂಚುಗಳನ್ನು ತುಂತುರಿನ ವೃತ್ತ ಒಳಗಿನಿಂದ ಸರಿಯಾಗಿ ಮುಟ್ಟುವಂತಿದ್ದರೆ ನಿರ್ಣಾಯಕ ಶಾಖ ಅತಿ ಹೆಚ್ಚು ಎಂದು ಅವರು ಕಂಡುಕೊಂಡರು. ದೂರ ಸರಿದರೆ ದ್ರವ ಹೊರಗೆ ಬಿದ್ದು ವ್ಯರ್ಥ, ಹತ್ತಿರ ಬಂದರೆ ಮೂಲೆಗಳಿಗೆ ನೀರಡಿಕೆ. ಸಾಲು ಬಿಟ್ಟು ಹೊಡೆಯಬೇಡ, ಸಾಲಿನಾಚೆಗೂ ಹೊಡೆಯಬೇಡ ಎಂದು ತೋಟದ ಯಜಮಾನ ಆಳಿಗೆ ಹೇಳುವುದು ಇದನ್ನೇ.

ಎಲ್ಲೆಲ್ಲಿ ನಡೆದಿದೆ

1985ರ ಕ್ರೇ-2 ಸೂಪರ್ ಕಂಪ್ಯೂಟರನ್ನು ಫ್ಲೋರಿನರ್ಟ್ ಎಂಬ ವಿದ್ಯುತ್ ಹರಿಯದ ದ್ರವದಲ್ಲಿ ಮುಳುಗಿಸಿಟ್ಟಿದ್ದರು. ಅದೇ ಹೆಸರಿನ ಕಂಪನಿ 2002ರ ಕೊನೆಗೆ ಪ್ರಕಟಿಸಿದ ಕ್ರೇ ಎಕ್ಸ್1ರಲ್ಲಿ ಅಂಥ ದ್ರವವನ್ನು ಬಿಲ್ಲೆಗಳ ಮೇಲೆ ಸಿಂಪಡಿಸಿ ಆರಿಸುವ ಏರ್ಪಾಡು ಬಂತು. ಮುಳುಗಿಸುವುದರಿಂದ ಸಿಂಪಡಿಸುವುದಕ್ಕೆ ಬಂದ ಆ ಹೆಜ್ಜೆಯ ಅರ್ಥ ಈಗ ನಿಮಗೆ ಹೊಳೆದಿರಬೇಕು.

ಬಾಹ್ಯಾಕಾಶದಲ್ಲಿಯೂ ಈ ವಿದ್ಯೆ ದುಡಿದಿದೆ. 1981ರಿಂದ 2011ರ ತನಕ ಹಾರಿದ ಅಮೆರಿಕದ ಸ್ಪೇಸ್ ಷಟಲ್ ನೌಕೆಯಲ್ಲಿ ಎಲೆಕ್ಟ್ರಾನಿಕ್ಸಿನ ಶಾಖವನ್ನು ಫ್ರಿಯಾನ್ ಶೀತಕ ಕೊಳವೆಗಳಲ್ಲಿ ಹೊತ್ತು ತರುತ್ತಿತ್ತು. ಸುಮಾರು 43 ಕಿಲೋಮೀಟರ್ ಎತ್ತರ ದಾಟಿದ ಮೇಲೆ ಆ ಶೀತಕ ಹರಿಯುವ ಬಿಸಿ ಗೋಡೆಗಳ ಮೇಲೆ ನೀರು ಸಿಂಪಡಿಸುತ್ತಿದ್ದರು. ಗಾಳಿ ತೀರ ವಿರಳವಾದ ಆ ಎತ್ತರದಲ್ಲಿ ನೀರು ಮುಟ್ಟಿದ ಕ್ಷಣವೇ ಆವಿಯಾಗುತ್ತಿತ್ತು. ಆ ನೀರು ನೌಕೆಯ ಇಂಧನಕೋಶಗಳಲ್ಲೇ ವಿದ್ಯುತ್ತಿನ ಜೊತೆ ಹುಟ್ಟಿದ್ದು. ವಿದ್ಯುತ್ ಕಾರುಗಳಿಗಾಗಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ ಕಾರಿನ ಎಸಿಯಲ್ಲಿರುವ ಆರ್-134ಎಯಿಂದಲೇ ಮೋಟಾರಿನ ಎಲೆಕ್ಟ್ರಾನಿಕ್ಸನ್ನೂ ತಣಿಸುವ ಪ್ರಯೋಗ ಮಾಡಿತು. ನಮ್ಮ ಇಸ್ರೋದ ಉಪಗ್ರಹಗಳಲ್ಲಿ ಅಲ್ಯುಮಿನಿಯಂ ಶಾಖಕೊಳವೆಗಳಿವೆ. ಅವುಗಳೊಳಗಿನ ಅಮೋನಿಯಾ ಕಾದ ಕಡೆ ಆರಿ, ತಣ್ಣನೆಯ ಕಡೆ ಇಬ್ಬನಿಯಾಗಿ, ಸಣ್ಣ ಗೀರುಗಳಲ್ಲಿ ತಾನಾಗಿ ಮರಳುತ್ತದೆ. ಪಂಪಿಲ್ಲ, ನಾಝಲ್ಲಿಲ್ಲ, ವರ್ಷಗಟ್ಟಲೆ ರಿಪೇರಿಯಿಲ್ಲ.

ನಮ್ಮ ಸೀಮೆಯದೇ ತುಂತುರೂ ಇದೆ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಸಾಲು ಸಾಲು ಕಾರಂಜಿಗಳು ಚಿಮ್ಮುವ ಹೊಂಡವನ್ನು ನೋಡಿದ್ದೀರಿ. ಅದು ಅಂದಕ್ಕೆ ಮಾಡಿದ್ದಲ್ಲ. ಪಾಕದ ಆವಿಯನ್ನು ತಣಿಸಿ ಬಿಸಿಯಾದ ನೀರನ್ನು ಹನಿಯಾಗಿ ಒಡೆದು ಗಾಳಿಗೆ ಎಸೆಯುವ ಏರ್ಪಾಡು ಅದು, ಅದರ ಹೆಸರೇ ಸ್ಪ್ರೇ ಪಾಂಡ್. ನೂರು ಲೀಟರಿನಲ್ಲಿ ಒಂದೇ ಒಂದು ಲೀಟರ್ ಆರಿದರೆ ಉಳಿದ 99 ಲೀಟರ್ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಹಂಗಾಮಿನ ಚಳಿಗಾಲದ ಬೆಳಗಿನಲ್ಲಿ ಆ ಹೊಂಡದ ಮೇಲೆ ಏಳುವ ಬಿಳಿ ಮಂಜನ್ನು ಮುಂದಿನ ಸಲ ನೋಡಿದಾಗ, ಶಾಖ ಕಣ್ಣಿಗೆ ಕಾಣುವಂತೆ ಹೊರಟಿದೆ ಎಂದು ತಿಳಿಯಿರಿ.

ಹನಿ ಮರಳಬೇಕು

ಆ ಮಂಜು ನಮ್ಮನ್ನು ಮೂರನೆಯ ಮಾತಿಗೆ ತರುತ್ತದೆ. ಆರಿದ ನೀರು ಹೊಂಡಕ್ಕೆ ಮರಳುವುದಿಲ್ಲ. ಒಂದು ಕಿಲೋವ್ಯಾಟ್ ಶಾಖವನ್ನು ನೀರಿನ ಆವಿಯಿಂದಲೇ ತೆಗೆಯುವುದಾದರೆ ಗಂಟೆಗೆ ಒಂದೂವರೆ ಲೀಟರ್ ಬೇಕು. ಒಂದು ಮೆಗಾವ್ಯಾಟಿನ ಡೇಟಾ ಕೇಂದ್ರಕ್ಕೆ ದಿನಕ್ಕೆ 36,000 ಲೀಟರ್, ಅಂದರೆ 12,000 ಲೀಟರಿನ ಮೂರು ಟ್ಯಾಂಕರ್. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟ ಬೀಳಗಿಯವರಿಗೆ, ಹಿಪ್ಪರಗಿ ಬ್ಯಾರೇಜಿನ ಮಟ್ಟವನ್ನು ಬೇಸಿಗೆಯಲ್ಲಿ ದಿನಾ ವಿಚಾರಿಸುವ ಜಮಖಂಡಿಯವರಿಗೆ ಒಂದು ಟ್ಯಾಂಕರ್ ನೀರಿನ ಬೆಲೆ ನಾನು ಹೇಳಬೇಕಿಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುವ ಶೀತಕ ಈ ನೀರನ್ನು ಉಳಿಸಬಲ್ಲದು. ಬಿಲ್ಲೆಯ ಮೇಲೆ 55, 60 ಡಿಗ್ರಿಯಲ್ಲಿ ಕುದಿಯುವಂತೆ ಒತ್ತಡ ಹೊಂದಿಸಿದರೆ ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಆ ಆವಿಗೆ ಅದು ತಂಪು ಗಾಳಿಯೇ. ಬರಿಯ ಗಾಳಿಗೆ ಒಡ್ಡಿದ ಕೊಳವೆಯಲ್ಲಿ ಆವಿ ಮತ್ತೆ ದ್ರವವಾಗುತ್ತದೆ. ದೊಡ್ಡ ಕಂಪ್ರೆಸರ್ ಬೇಡ, ಸಣ್ಣ ಪಂಪು ಸಾಕು.

ಆದರೆ ಶೀತಕ ಸೋರಿದರೆ? ಅದರ ಚರಿತ್ರೆ ನಮ್ಮನ್ನು ಎಚ್ಚರಿಸಬೇಕು. 1928ರಲ್ಲಿ ಥಾಮಸ್ ಮಿಡ್ಜ್ಲಿ ಮತ್ತು ಸಂಗಡಿಗರು ಫ್ರಿಯಾನ್ ಕಂಡುಹಿಡಿದಾಗ ವಿಷವಿಲ್ಲದ, ಬೆಂಕಿ ಹತ್ತದ ಶೀತಕ ಸಿಕ್ಕಿತೆಂದು ಜಗತ್ತು ಹಿಗ್ಗಿತು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಅದು ಓಝೋನ್ ಪದರವನ್ನು ತಿನ್ನುತ್ತದೆಂದು ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಫ್ರಿಯಾನಿನ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಕೆಡುಕು ಮಾಡದು, ಭೂಮಿಯ ಕಾವನ್ನು ಮಾತ್ರ ಹೆಚ್ಚಿಸುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ರಿಪೇರಿಯ ಹೊತ್ತಿನಲ್ಲಿ ಒಂದು ಫ್ರಿಜ್ಜಿನಿಂದ ಬರಿಯ 100 ಗ್ರಾಂ ಗ್ಯಾಸನ್ನು ಗಾಳಿಗೆ ಬಿಟ್ಟರೆ ಸುಮಾರು 60 ಲೀಟರ್ ಪೆಟ್ರೋಲ್ ಉರಿಸಿದಷ್ಟು ಹೊರೆ. 2016ರ ಕಿಗಾಲಿ ತಿದ್ದುಪಡಿ ಇಂಥ ಶೀತಕಗಳನ್ನು ಹಂತಹಂತವಾಗಿ ಇಳಿಸಲು ಹೇಳಿತು. ಭಾರತ 2021ರಲ್ಲಿ ಅದನ್ನು ಅಂಗೀಕರಿಸಿತು, 2032ರಿಂದ ಇಳಿಸತೊಡಗಿ 2047ರ ಹೊತ್ತಿಗೆ ಶೇಕಡ 85ರಷ್ಟು ಕಡಿತ ಮಾಡಬೇಕಿದೆ. ಬಹುಕಾಲ ನಾಶವಾಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಗೆ ಬಿಡುವುದಾಗಿ 3ಎಂ ಕಂಪನಿ 2022ರಲ್ಲಿ ಘೋಷಿಸಿತು. ಸೂಪರ್ ಕಂಪ್ಯೂಟರುಗಳನ್ನು ತಣಿಸಿದ ಫ್ಲೋರಿನರ್ಟ್ ಕೂಡ ಆ ಸಾಲಿನಲ್ಲಿದೆ.

ಬದಲಿಗೆ ಬಂದವುಗಳಲ್ಲಿ ಯಾವುದೂ ಪೂರ್ತಿ ನಿರ್ದೋಷಿಯಲ್ಲ. ಆರ್-1234ವೈಎಫ್ ಬೇಗ ಒಡೆಯುತ್ತದೆ, ಒಡೆದು ಸುಲಭವಾಗಿ ನಾಶವಾಗದ ಒಂದು ಆಮ್ಲವನ್ನು ಬಿಟ್ಟುಹೋಗುತ್ತದೆ. ಪ್ರೊಪೇನ್ ಉರಿಯುತ್ತದೆ. ಅಮೋನಿಯಾ ವಿಷ, ತಾಮ್ರವನ್ನು ತಿನ್ನುತ್ತದೆ. ಇಂಗಾಲದ ಡೈಆಕ್ಸೈಡಿಗೆ ಭಾರಿ ಒತ್ತಡ ಬೇಕು. ಆದ್ದರಿಂದ ಯಾವ ದ್ರವ ಬಂದರೂ ಬೆಸುಗೆ ಗಟ್ಟಿಯಿರಬೇಕು, ಹನಿ ಹೊರಗೆ ಹೋಗಬಾರದು, ಹೊರಟ ಹನಿ ಮರಳಬೇಕು. ಒಂದು ಕಡೆಯ ತಂಪಿಗಾಗಿ ಇಡೀ ಭೂಮಿಯನ್ನು ಕಾಸುವ ವಿದ್ಯೆಯನ್ನು ನಾನು ವಿದ್ಯೆ ಎನ್ನಲಾರೆ.

ನಮ್ಮ ಪಾಲಿನ ಕೆಲಸ

ಶೀತಕದ ಆವಿಯನ್ನು ಮರಳಿಸಲು ನಮ್ಮ ನಾಡಿನಲ್ಲೇ ಒಂದು ಸುಂದರ ಯೋಚನೆಯ ಮೇಲೆ ಕೆಲಸ ನಡೆದಿದೆ. ಇದ್ದಿಲನ್ನು ವಿಶೇಷವಾಗಿ ಹದ ಮಾಡಿದರೆ ಅದರ ಕಣಕಣದಲ್ಲೂ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು ತೆರೆಯುತ್ತವೆ. ತಣ್ಣಗಿರುವಾಗ ಅದು ಶೀತಕದ ಆವಿಯನ್ನು ಹೀರುತ್ತದೆ, ಕಾಸಿದಾಗ ಹೆಚ್ಚಿನ ಒತ್ತಡದಲ್ಲಿ ಬಿಟ್ಟುಕೊಡುತ್ತದೆ. ಅಂದರೆ ಚಲಿಸುವ ಭಾಗಗಳಿಲ್ಲದ, ವ್ಯರ್ಥ ಶಾಖದಿಂದ ನಡೆಯುವ ಕಂಪ್ರೆಸರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರದೀಪ್ ದತ್ತ, ಕೆ. ಶ್ರೀನಿವಾಸನ್ ಮೊದಲಾದವರು ಇದ್ದಿಲು ಮತ್ತು ಆರ್-134ಎ ಜೋಡಿಯ ಮೇಲೆ ವರ್ಷಗಳ ಕಾಲ ದುಡಿದರು. ಅವರೊಡನೆ ಸಂಶೋಧಕ ಬಿ.ಎಸ್. ಅಕ್ಕಿಮರಡಿ 2001ರಲ್ಲಿ ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇಂಥ ಯಂತ್ರಕ್ಕೆ ಬೇಕಾದದ್ದು 80 ಡಿಗ್ರಿಯ ಆಸುಪಾಸಿನ ಶಾಖ. ನಮ್ಮ ಸಕ್ಕರೆ ಕಾರ್ಖಾನೆಗಳು ಹಂಗಾಮಿನಲ್ಲಿ ಹೊಂಡಕ್ಕೂ ಗಾಳಿಗೂ ಬಿಡುವ ಶಾಖವನ್ನು ನೆನೆಯಿರಿ. ಹದ ಮಾಡಿದ ಇದ್ದಿಲನ್ನು ಕಬ್ಬಿನ ಸಿಪ್ಪೆಯಿಂದಲೂ ಮಾಡಬಹುದು. ಕಾರ್ಖಾನೆಯ ಬೇಡದ ಶಾಖದಿಂದಲೇ ಅದರ ಎಲೆಕ್ಟ್ರಾನಿಕ್ ಕೋಣೆ ತಣ್ಣಗಾಗುವುದು ಕನಸಿನ ಮಾತಾಗಿ ಉಳಿಯಬೇಕಿಲ್ಲ. ಈ ಸಭೆಯಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನು ತೆಗೆದುಕೊಂಡರೆ ನನ್ನ ಮಾತು ಸಾರ್ಥಕ.

ಐಟಿಐ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಇನ್ನೊಂದು ಮಾತು. ಫ್ರಿಜ್, ಎಸಿ ರಿಪೇರಿ ಕಲಿಯುವಾಗ ಹಳೆಯ ಗ್ಯಾಸನ್ನು ಸಿಲಿಂಡರಿಗೆ ಹಿಂದಕ್ಕೆ ತುಂಬಿಕೊಳ್ಳುವ ಕೆಲಸವನ್ನು ಮೊದಲು ಕಲಿಯಿರಿ. ಹನಿಯನ್ನು ಮರಳಿಸುವ ಕೈ ನಿಮ್ಮದು. ಪ್ರಯೋಗಾಲಯದ ಸಂಶೋಧಕನಷ್ಟೇ ಹೊಣೆ ನಿಮ್ಮದೂ ಹೌದು.

ಇನ್ನು ಬನಹಟ್ಟಿಯ ಆ ಕಾಕಾನಿಗೆ ಉತ್ತರ. ಕಾಕಾ, ನಿಮ್ಮ ಪೆಟ್ಟಿಗೆಯ ಕಾವು ಅಷ್ಟು ಇಕ್ಕಟ್ಟಿನದಲ್ಲ, ಅದಕ್ಕೆ ತುಂತುರು ಬೇಕಿಲ್ಲ. ತುಂತುರು ಬೇಕಾದದ್ದು ಗಿರಣಿಯ ದೊಡ್ಡ ಡ್ರೈವಿಗೆ, ರಾಡಾರಿಗೆ, ಸೂಪರ್ ಕಂಪ್ಯೂಟರಿಗೆ. ನಿಮಗೆ ಉಪಗ್ರಹದಲ್ಲಿ ಇಡುವಂಥ ಒಂದು ಶಾಖಕೊಳವೆ ಸಾಕು. ಅದರ ಒಂದು ತುದಿ ಪೆಟ್ಟಿಗೆಯ ಒಳಗೆ, ಇನ್ನೊಂದು ತುದಿ ಗೋಡೆಯಾಚೆ ದೂಳಿಲ್ಲದ ಕಡೆ. ಒಳಗಿನ ಹನಿ ಕಾದ ಲೋಹವನ್ನು ಮುಟ್ಟುತ್ತದೆ, ಆರಿ ಆಚೆ ಹೋಗುತ್ತದೆ, ತಣ್ಣಗಾಗಿ ತಾನೇ ಮರಳುತ್ತದೆ. ಬಾಗಿಲು ಹಾಕಿಯೇ ನೇಯಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೂ ಮಗ್ಗ ನಿಲ್ಲುವುದಿಲ್ಲ.